ನೀರಿನಿಂದ ಬಂದ ಗಾಳಿ

ಗುರುಸಂಗಪ್ಪ ಮಾಸ್ತರರು ಬೆಳವಣಕಿಯ ಒಕ್ಕಲುತನದ ಮನೆಯವರು. ಕಪ್ಪು ಮಣ್ಣಿನ ಎರಿ ಹೊಲ ಬಿಟ್ಟು ಸಾಲಿ ಕಲಿತು ಮಾಸ್ತರಿಕೆ ಹಿಡಿದವರು ಆ ಮನೆತನದಲ್ಲಿ ಅವರೊಬ್ಬರೇ. ನರೇಗಲ್ಲಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದ ಮೇಲೆ ಅವರ ಹೆಸರು ಸುತ್ತಲ ಹಳ್ಳಿಗಳಿಗೆಲ್ಲ ಹಬ್ಬಿತು. ಗಿಡ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವ ಪಾಠವನ್ನಂತೂ ಅವರ ಬಾಯಿಂದಲೇ ಕೇಳಬೇಕು ಎನ್ನುತ್ತಿದ್ದರು ಜನ.

"ಎಲಿ ಅಂದ್ರ ಅಡಗಿಮನಿ, ಬಿಸಿಲು ಒಲಿ. ಇಂಗಾಲದ ಗಾಳಿ ಜ್ವಾಳದ ಹಿಟ್ಟು. ನೀರು ಆ ಹಿಟ್ಟು ನಾದಾಕ ಬೇಕು, ಅಷ್ಟ." ಇದು ಅವರ ಮಾತು. ಗಿಡ ಹೊರಗೆ ಬಿಡುವ ಪ್ರಾಣವಾಯು ಇಂಗಾಲದ ಗಾಳಿ ಒಡೆದು ಬಂದದ್ದು ಎಂದು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು.

ರಾಜ್ಯ ಒಂದಾದ ಮರುವರ್ಷ ಅವರ ಕೈಕೆಳಗೆ ಬದರುನ್ನಿಸಾ ಎಂಬ ತರುಣಿ ಕೆಲಸಕ್ಕೆ ಬಂದರು. ಧಾರವಾಡದಲ್ಲಿ ಕಲಿತವರು. ಹಂಗಾಮಿ ನೌಕರಿ; ತಪಾಸಣೆಗೆ ಬರುವ ಸಾಹೇಬರು ಒಪ್ಪಿದರೆ ಕಾಯಂ. ಶಿಕ್ಷಕಿಯಾದ್ದರಿಂದ ಮಕ್ಕಳಿಗೆ ಅವರು 'ಬಾಯಾರು'. ಒಂದು ಮಧ್ಯಾಹ್ನ ಶಿಕ್ಷಕರೆಲ್ಲ ಕೂತಲ್ಲಿ ಅವರು ಮೆಲ್ಲಗೆ ಮಾತು ತೆಗೆದರು.

"ಮಾಸ್ತರ್ರ, ಆ ಪ್ರಾಣವಾಯು ಬರೂದು ನೀರಿನಿಂದ ಅಂತ ಈಗ ಗೊತ್ತಾಗೈತ್ರಿ. ಕುರುಬರು ತಮ್ಮ ಕುರಿಗೆ ಬಣ್ಣ ಹಚ್ಚಿ ಬಿಡ್ತಾರಲ್ರಿ, ಯಾವ ಹಿಂಡಿನಾಗ ಹೋದ್ರೂ ಗುರುತು ಸಿಗ್ಲಿ ಅಂತ, ಹಂಗ ನೀರಿನೊಳಗಿನ ಪ್ರಾಣವಾಯುವಿಗೆ ಗುರುತಿಟ್ಟು ಗಿಡಕ್ಕ ಕೊಟ್ಟು ನೋಡ್ಯಾರ. ಹೊರಗ ಬಂದ ಗಾಳಿಯಾಗ ಅದ ಗುರುತು ಸಿಕ್ಕೈತಿ. ಬಿಸಿಲಿನ ಬಲದ ಮ್ಯಾಲೆ ಎಲಿ ನೀರನ್ನ ಒಡೀತೈತ್ರಿ."

"ನೀರು ಒಡ್ಯಾಕ ಅದೇನು ತೆಂಗಿನಕಾಯಿ ಏನ್ರಿ ಬಾಯಾರ?" ಎಂದರು ಮಾಸ್ತರರು.

ಎಲ್ಲರೂ ನಕ್ಕರು. ಬಾಯಾರು ಸೆರಗು ಸರಿಮಾಡಿಕೊಂಡರು. ನಗೆ ನಿಂತ ಮೇಲೆ ಮಾಸ್ತರರಿಗೆ ಒಳಗೆ ಏನೋ ಚುಚ್ಚಿತು. ಖರೇ ಇದ್ದರೂ ಇರಬಹುದು ಅನ್ನಿಸಿತು. ಆದರೆ ಕೇಳಲು ಹಿರಿತನ ಅಡ್ಡ ಬಂತು.

ಶ್ರಾವಣದಲ್ಲಿ ಸಾಹೇಬರ ತಪಾಸಣೆ; ಗಿಡದ ಪಾಠ ಮಾಸ್ತರರದು, ತಯಾರಿ ಬಾಯಾರದು. ಬಾಯಾರು ಕೆರೆಯಿಂದ ನೀರೊಳಗಿನ ಗಿಡ ತರಿಸಿ ಗಾಜಿನ ಪಾತ್ರೆಯ ನೀರಲ್ಲಿ ಇಟ್ಟರು. ಮೇಲೆ ಲಾಳಿಕೆ ಬೋರಲು ಹಾಕಿ, ಅದರ ಮೇಲೆ ನೀರು ತುಂಬಿದ ಗಾಜಿನ ನಳಿಗೆ ಕವಿಚಿದರು. ಬಿಸಿಲಿಗಿಟ್ಟರೆ ಗಿಡದಿಂದ ಗುಳ್ಳೆ ಎದ್ದು ನಳಿಗೆಯಲ್ಲಿ ಗಾಳಿ ತುಂಬುತ್ತಿತ್ತು. ಆರಿಸಿದ ಕಡ್ಡಿಯ ಕೆಂಡವನ್ನು ಅದರಲ್ಲಿ ಹಿಡಿದರೆ ಭಗ್ಗನೆ ಹೊತ್ತುತ್ತಿತ್ತು. ಹಿಂದಿನ ದಿನ ಬಾಯಾರು, ಮಾಸ್ತರರು ಇಬ್ಬರೂ ಮಾಡಿ ನೋಡಿದ್ದರು. ಆದರೆ ಸಾಹೇಬರು ಬರುವ ದಿನವೇ ಮೋಡ ಕವಿಯಿತು. ನಳಿಗೆಯಲ್ಲಿ ಗಾಳಿ ಸೇರಲೇ ಇಲ್ಲ.

"ಇದ್ದದ್ದು ಇದ್ದಂಗ ಹೇಳೂಣ್ರಿ. ಬಿಸಿಲಿಲ್ದ ಗುಳ್ಳಿ ಏಳೂದಿಲ್ಲ ಅನ್ನೂದೂ ಪಾಠನ ಅಲ್ರಿ?" ಎಂದು ಬಾಯಾರು ಮಕ್ಕಳನ್ನು ಕರೆತರಲು ಹೋದರು.

ಮಾಸ್ತರರಿಗೆ ತಡೆಯಲಿಲ್ಲ. ಇಷ್ಟು ವರ್ಷದ ಹೆಸರು ಇವತ್ತು ಮಣ್ಣುಪಾಲಾಗುತ್ತದೆ ಅನ್ನಿಸಿತು. ಹೊಟ್ಟೆಯುರಿಗೆಂದು ಕಿಸೆಯಲ್ಲಿಟ್ಟುಕೊಂಡಿದ್ದ, ನೀರಿಗೆ ಹಾಕಿದರೆ ಬುಸ್ಸೆಂದು ನೊರೆಯೇಳುವ ಪುಡಿಯ ಪೊಟ್ಟಣ ತೆಗೆದರು. ಲಾಳಿಕೆಯ ಅಂಚು ತುಸು ಎತ್ತಿ ಒಳಗೆ ತಳ್ಳಿದರು. ಗುಳ್ಳೆ ಬುಳುಬುಳು ಎದ್ದು ನಳಿಗೆ ತುಂಬಿತು.

ಬಾಯಾರು ಮಕ್ಕಳೊಡನೆ ಬಂದು ನಿಂತ ಮೇಲೆ ಸಾಹೇಬರು ಬಂದು ನೋಡಿ ಶಾಭಾಸ್ ಎಂದರು. ತಾವೇ ನಳಿಗೆ ಎತ್ತಿ ಕಡ್ಡಿಯ ಕೆಂಡ ಒಳಗೆ ಹಿಡಿದರು. ಹೊತ್ತಬೇಕಾದ ಕೆಂಡ ಕಪ್ಪಾಗಿ ಆರಿಹೋಯಿತು. ಇನ್ನೊಂದು ಕಡ್ಡಿ ಹಿಡಿದರು, ಅದೂ ಆರಿತು. ಪುಡಿಯಿಂದ ಎದ್ದದ್ದು ಬೆಂಕಿ ಆರಿಸುವ ಇಂಗಾಲದ ಗಾಳಿ ಎಂಬುದು ಮಾಸ್ತರರಿಗೆ ಆಗ ನೆನಪಾಯಿತು. ತಾವೇ ಕಲಿಸಿದ ಪಾಠ.

"ಯಾರು ಮಾಡಿದ್ದು ಈ ತಯಾರಿ?" ಸಾಹೇಬರು ಕೇಳಿದರು.

"ಬಾಯಾರದ್ರಿ. ಹೊಸಬರು, ಇನ್ನೂ ಕಲೀತಾರ್ರಿ."

ಮಾತು ಬಾಯಿ ದಾಟಿದ ಮೇಲೆ ಮಾಸ್ತರರಿಗೆ ತಾವು ಆಡಿದ್ದೇನೆಂದು ತಿಳಿಯಿತು. "ಇಂಥವ್ರನ್ನ ಕಾಯಂ ಮಾಡೂದು ಹ್ಯಾಂಗ?" ಎಂದು ಸಾಹೇಬರು ಮಕ್ಕಳ ಮುಂದೆಯೇ ಅಂದು ಹೊರಟರು. ಬದರುನ್ನಿಸಾ ಪಾತ್ರೆಯ ತಳದಲ್ಲಿ ನೆನೆದು ಬಿದ್ದಿದ್ದ ಕಾಗದದ ಚೂರು ನೋಡಿದರು. ಆಮೇಲೆ ಮಾಸ್ತರರ ಮುಖ ನೋಡಿದರು.

ಮನೆಯಲ್ಲಿ ಹೆಂಡತಿ ಚನ್ನವ್ವ ಬಡಿಸಿದ ರೊಟ್ಟಿಯನ್ನು ಮುರಿದು ಹಾಗೇ ಬಿಟ್ಟರು. "ಹೊಟ್ಟಿ ಉರಿ ಹತ್ತಿದ್ರ ಆ ಪುಡಿ ತಗೋಬಾರದೇನ್ರಿ?" ಎಂದಳು ಆಕೆ, ಏನೂ ಅರಿಯದೆ. ಮಾಸ್ತರರು ಗಂಗಾಳ ಸರಿಸಿ ಎದ್ದರು. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತೇನೋ. ಓಣಿಯಲ್ಲಿ ಕೈಮುಗಿದ ಜನರೆಲ್ಲ ಅವರಿಗೆ ತಮ್ಮನ್ನು ಅಣಕಿಸಿದಂತೆ ಕಂಡರು.

ಮರುದಿನ ಮುಂಜಾನೆ ಬಾಯಾರು ಇದ್ದ ಮನೆಗೆ ಹೋದರು. ಅವರ ಚಿಕ್ಕಮ್ಮ ಮುಮತಾಜಬಿ ಬರ್ರಿ ಬರ್ರಿ ಎಂದು ಚಾಪೆ ಹಾಸಿದಾಗ ಮಾಸ್ತರರಿಗೆ ಕೂರಲಾಗಲಿಲ್ಲ. ನಿಂತೇ ಹೇಳಿದರು.

"ತಪ್ಪು ನಂದು, ಬಾಯಾರ. ಪುಡಿ ಹಾಕಿದಾಂವ ನಾನು."

"ಗೊತ್ತೈತ್ರಿ," ಎಂದರು ಬದರುನ್ನಿಸಾ. "ಅದನ್ನ ಇಲ್ಲಿ ಬಂದು ಹೇಳಿದ್ರ ನಾ ಏನ್ ಮಾಡ್ಲಿ? ನಾ ಅನ್ನಿಸಿಕೊಂಡದ್ದು ಮಕ್ಕಳ ಮುಂದ."

ಆ ದಿನವೇ ಮಾಸ್ತರರು ತರಗತಿಯಲ್ಲಿ ನಿಂತು ನಡೆದದ್ದೆಲ್ಲ ಹೇಳಿದರು. ಹೇಳುವಾಗ ಹಲಗೆಯ ಕಡೆ ನೋಡಿದರೇ ಹೊರತು ಮಕ್ಕಳ ಕಡೆ ನೋಡಲಾಗಲಿಲ್ಲ. ಮರುದಿನ ಬಸ್ಸು ಹತ್ತಿ ರೋಣಕ್ಕೆ ಹೋಗಿ, ಮೊಕ್ಕಾಮು ಮಾಡಿದ್ದ ಸಾಹೇಬರನ್ನು ಕಂಡರು.

"ನೀವು ಹಿರೇರು. ಆದದ್ದು ಆತು, ಬಿಡ್ರಿ," ಎಂದರು ಸಾಹೇಬರು.

"ಬಿಡಾಕ ಬರೂದಿಲ್ರಿ. ನೀವು ಇನ್ನೊಮ್ಮೆ ಬಂದು ನೋಡಬೇಕ್ರಿ."

ಸಾಹೇಬರು ಬೇಸರದಿಂದಲೇ ಒಪ್ಪಿ ದಸರೆ ಮುಗಿದ ಮೇಲೆ ಬಂದರು. ಅಂದು ಒಳ್ಳೆಯ ಬಿಸಿಲು. ಬಾಯಾರು ಪಾಠ ಮಾಡಿದರು. ಮಾಸ್ತರರು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತರು. ಕೆಂಡ ಹೊತ್ತಿತು. ಈ ಗಾಳಿ ಎಲ್ಲಿಂದ ಬಂತೆಂದು ಸಾಹೇಬರು ಕೇಳಿದಾಗ ಬಾಯಾರು, "ನೀರಿನಿಂದ್ರಿ," ಎಂದರು. ಗುರುತಿಟ್ಟ ನೀರಿನ ಕಥೆ ಪೂರ್ತಿ ಹೇಳಿದರು. ಯಾರೂ ನಗಲಿಲ್ಲ.

ಬಾಯಾರ ನೌಕರಿ ಕಾಯಮಾಯಿತು. ಹೆಡ್ ಮಾಸ್ತರಿಕೆಯ ಸರದಿ ಬಂದಾಗ ಗುರುಸಂಗಪ್ಪನವರನ್ನು ಬಿಟ್ಟು ಬೇರೆಯವರನ್ನು ತಂದರು. ಅವರು ಅದಕ್ಕೆ ತಕರಾರು ಮಾಡಲಿಲ್ಲ. ಗಿಡದ ಪಾಠ ಬಂದಾಗ ಮಾತ್ರ ತಾವು ಪಕ್ಕಕ್ಕೆ ಸರಿದು ಬಾಯಾರನ್ನು ಕರೆಯುತ್ತಿದ್ದರು.

ಎರಡು ವರ್ಷಕ್ಕೆ ಬದರುನ್ನಿಸಾಗೆ ಗದಗಿಗೆ ವರ್ಗವಾಯಿತು. ಮಾಸ್ತರರು ಬಸ್ಸಿನ ತನಕ ಬಂದರು. ಅಷ್ಟು ದಿನ ಬಾಯಾರು ಅವರೊಡನೆ ಮರ್ಯಾದೆಯಿಂದ ನಡೆದುಕೊಂಡಿದ್ದರು; ಕೆಲಸಕ್ಕೆ ಬೇಕಾದ ಮಾತಿಗಿಂತ ಹೆಚ್ಚು ಆಡಿರಲಿಲ್ಲ. ಮತ್ತೊಮ್ಮೆ ಕ್ಷಮೆ ಕೇಳಬೇಕೆಂದು ಮಾಸ್ತರರು ಬಾಯಿ ತೆರೆದರು. "ಗದಗಿನ್ಯಾಗ ನೀರಿನ ತ್ರಾಸ ಐತಂತ್ರಿ," ಎಂದಷ್ಟೇ ಹೊರಬಂತು.

"ಹೌದಂತ್ರಿ," ಎಂದು ಅವರು ನಮಸ್ಕಾರ ಮಾಡಿ ಬಸ್ಸು ಹತ್ತಿದರು.