ಕುಂಡ್ರಿ, ಕುಂಡ್ರು

ದನದ ವ್ಯಾಪಾರದಲ್ಲಿ ಕಿವಿಗೆ ಅಂಥ ಕೆಲಸವೇನೂ ಇಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಟವೆಲ್ಲಿನ ಅಡಿ ಸೇರುತ್ತವೆ. ಯಾವ ಬೆರಳು ಹಿಡಿದರು, ಎಷ್ಟು ಬೆರಳು ಹಿಡಿದರು ಅನ್ನುವುದರಲ್ಲೇ ಮಾತು ಮುಗಿಯುತ್ತದೆ. ಬಾಯಿಂದ ಬರುವುದೆಲ್ಲ ಸುಮ್ಮನೆ ಗದ್ದಲ. ಮೂಡಲಗಿ ಸಂತೆಯಲ್ಲಿ ಮೂವತ್ತು ವರ್ಷ ಹೀಗೆ ದಲಾಲಿ ಮಾಡಿದ ನನಗೆ ನನ್ನ ಕಿವಿ ಮಂದವಾದದ್ದೇ ಗೊತ್ತಾಗಲಿಲ್ಲ ಅಂದರೆ ನಗಬೇಡಿ. ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವವನು ನಾನು. ನನ್ನ ಕಿವಿಯ ವಯಸ್ಸು ಮಾತ್ರ ನೋಡಿಕೊಂಡಿರಲಿಲ್ಲ.

ಇದರಿಂದ ಕೆಟ್ಟದ್ದು ವ್ಯಾಪಾರವಲ್ಲ, ಬೀಗತನ.

ಹುಕ್ಕೇರಿಯ ನಮ್ಮ ಬೀಗರು ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಮೆತ್ತಗಿನ ದನಿ, ಅಳತೆಯ ಮಾತು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ದನಗಳ ಹಿಂದೆ ನಡೆದವನು. ಮಗಳನ್ನು ಆ ಮನೆಗೆ ಕೊಟ್ಟಾಗ ಹೆಮ್ಮೆಯೂ ಇತ್ತು, ಒಳಗೆ ಒಂದು ಮುಳ್ಳೂ ಇತ್ತು: ಇವರು ನನ್ನನ್ನು ದನದ ದಲಾಲಿ ಅಂತ ಹಗುರ ಕಂಡಾರೇನೋ. ಹೋದ ವರ್ಷ ಬೇಸಿಗೆಯಲ್ಲಿ ಮೊಮ್ಮಗನ ಜಾವಳ, ಹುಟ್ಟುಗೂದಲು ತೆಗೆಸುವ ಕಾರ್ಯ. ಪೆಂಡಾಲಿನ ತುಂಬ ಎರಡೂ ಕಡೆಯ ಮಂದಿ. ನಾನು ಒಳಗೆ ಕಾಲಿಟ್ಟೊಡನೆ ಬೀಗರು ಎದ್ದು ಬಂದು, ಕುರ್ಚಿ ತೋರಿಸಿ, ನಗುನಗುತ್ತಲೇ ಅಂದರು: "ಕುಂಡ್ರು."

ನಮ್ಮ ಕಡೆ ಮರ್ಯಾದೆಯೆಲ್ಲ ಇರುವುದು ಒಂದು "ರಿ"ಯಲ್ಲಿ. ಕುಂಡ್ರಿ ಅಂದರೆ ಕೂತುಕೊಳ್ಳಿ. ಕುಂಡ್ರು ಅಂದರೆ ಕೂತುಕೋ. ಬೀಗರು ಬೀಗರಿಗೆ ಕುಂಡ್ರು ಅಂದರೆ ಅದು ಮಾತಲ್ಲ, ಮಂದಿಯ ಮುಂದೆ ಕಪಾಳಕ್ಕೆ ಕೊಟ್ಟ ಏಟು. "ಏನಂದ್ರಿ?" ಅಂತ ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಸಂತೆಯಲ್ಲಿ ಒಂದೇ ಮಾತನ್ನು ಎರಡು ಸಲ ಕೇಳಿದರೆ ಎದುರಿನವನಿಗೆ ನಮ್ಮ ಗರಜು, ನಮಗೆಷ್ಟು ಬೇಕಾಗಿದೆ ಅನ್ನುವುದು, ತಿಳಿದುಬಿಡುತ್ತದೆ. ಆ ಚಟ ಮೈಗೆ ಹತ್ತಿತ್ತು. ಕೂರಲಿಲ್ಲ, ಉಣ್ಣಲಿಲ್ಲ, ಹೆಂಡತಿಯನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದೆ. ಆ ವರ್ಷ ನಾಗರಪಂಚಮಿಗೆ ಮಗಳನ್ನು ತವರಿಗೆ ಕರೆಯಲು ನಾನು ಹೋಗಲಿಲ್ಲ. ಕರೆಯದೆ ಅವಳೂ ಬರುವ ಹಾಗಿರಲಿಲ್ಲ. ಹೆಂಡತಿ ಹಬ್ಬದ ಉಂಡಿ ಕಟ್ಟುವುದನ್ನೇ ಬಿಟ್ಟಳು.

ಈ ವರ್ಷ ಮತ್ತೆ ಪಂಚಮಿ ಹತ್ತಿರ ಬಂದಾಗ ಅವಳು ಹಟ ಹಿಡಿದದ್ದು ಬೇರೆ ವಿಷಯಕ್ಕೆ. "ಟಿವಿ ದನಿ ಓಣಿ ತುಂಬ ಕೇಳಾಕತ್ತೈತ್ರಿ. ಮಂದಿ ಮನ್ಯಾಗಿನ ಟಿವಿ ಬಂದ್ ಮಾಡಿ ನಮ್ಮದ ಕೇಳಾಕತ್ತಾರ. ಗೋಕಾಕಕ್ಕ ಹೋಗಿ ಕಿವಿ ತೋರಸ್ಕೊಂಡ ಬರ್ರಿ."

ಗೋಕಾಕದ ಕಿವಿ ದವಾಖಾನೆಯಲ್ಲಿ ಪರೀಕ್ಷೆ ಮಾಡುವ ಮೇಡಮ್ಮು ಮೈಸೂರು ಕಡೆಯ ಹುಡುಗಿ. ಸದ್ದು ಹೋಗದ ಸಣ್ಣ ಕೋಣೆಯಲ್ಲಿ ಕೂರಿಸಿ, ಕುಂಯ್ ಕುಂಯ್ ದನಿ ಬಿಟ್ಟು ಗುಂಡಿ ಒತ್ತಿಸಿದಳು. ಹೊರಬಂದಾಗ ಕಾಗದದ ಮೇಲೆ ಒಂದು ಗೆರೆ. ಎಡಕ್ಕೆ ದಪ್ಪ ದನಿಗಳು. ಅಲ್ಲಿ ಗೆರೆ ಸಪಾಟಾಗಿತ್ತು. ಬಲಕ್ಕೆ ಸಣ್ಣ, ಚೂಪು ದನಿಗಳು. ಅಲ್ಲಿ ಗೆರೆ ನಮ್ಮ ಗೋಕಾಕ ಫಾಲ್ಸಿನ ಹಾಗೆ ಧಡಕ್ಕನೆ ಬಿದ್ದಿತ್ತು. ಆಮೇಲೆ ಬಾಯಿಗೆ ಕಾಗದ ಅಡ್ಡ ಹಿಡಿದು ಪಟ್ಟಿಯೊಳಗಿನ ಶಬ್ದ ಓದತೊಡಗಿದಳು. ನಾನು ತಿರುಗಿ ಹೇಳಬೇಕು. ಅರ್ಧ ತಪ್ಪಿದವು.

"ಇವು ನಿಮ್ಮ ಕಡೀ ಮಾತವಾ. ನಮ್ಮ ಮಾತ ಹೇಳಸ್ರಿ, ಒಂದೂ ತಪ್ಪೂದಿಲ್ಲ," ಅಂದೆ.

ಅವಳು ನಕ್ಕು, ಚೀಟಿ ಬರೆಯುವ ಹೆಣ್ಣುಮಗಳನ್ನು ಕರೆದಳು. ಆಕೆ ಇಲ್ಲಿಯವಳೇ. ಬಾಯಿಗೆ ಕಾಗದ ಅಡ್ಡ ಹಿಡಿದು ಮೂರು ಮಾತು ಹೇಳಿದಳು. ನಾನು ಧೈರ್ಯವಾಗಿ ತಿರುಗಿ ಹೇಳಿದೆ: "ನೋಡು. ಹೇಳು. ಕುಂಡ್ರು."

ಆಕೆ ಕಾಗದ ಕೆಳಗಿಳಿಸಿ ಕಣ್ಣು ಬಿಟ್ಟಳು. "ಅಯ್ಯ ಕಾಕಾರ! ನಿಮ್ಮಂಥಾ ಹಿರ್ಯಾರಿಗೆ ನಾ ಕುಂಡ್ರು ಅಂತೇನೇನ್ರಿ? ನೋಡ್ರಿ, ಹೇಳ್ರಿ, ಕುಂಡ್ರಿ ಅಂದೆನ್ರಿ. ನಮ್ಮವ್ವ ಕೇಳಿದ್ರ ನನ್ನ ಬಾಯಾಗ ಮೆಣಸಿನಕಾಯಿ ಇಟ್ಟಾಳು!"

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ನನಗೆ ಕಂಡದ್ದು ಹುಕ್ಕೇರಿಯ ಪೆಂಡಾಲು, ಆ ಕುರ್ಚಿ, ಅದರ ಪಕ್ಕ ನಗುಮುಖ ಹಾಗೇ ಉಳಿದ ಬೀಗರು.

ಮೇಡಮ್ಮು ಗೆರೆಯ ಮೇಲೆ ಪೆನ್ನಿಟ್ಟು ಹೇಳಿದಳು: "'ಉ' ಮತ್ತು 'ಇ' ಎರಡಕ್ಕೂ ಕೆಳಗಿನ ದಪ್ಪ ದನಿ ಹೆಚ್ಚುಕಮ್ಮಿ ಒಂದೇ. ಎರಡನ್ನೂ ಬೇರೆ ಮಾಡೋದು ಮೇಲಿನ ಸಣ್ಣ ದನಿ. ಅದು ನಿಮಗೆ ಬರ್ತಾ ಇಲ್ಲ. ಅದಕ್ಕೇ 'ಇ' ಕೂಡ ನಿಮಗೆ 'ಉ' ಆಗಿ ಕೇಳುತ್ತೆ."

ಮಾಲು ಕಣ್ಣೆದುರು ಇರುವಾಗ ಪೂರ್ತಿ ತಿಳಿಯದೆ ನಾನು ಎಂದೂ ಟವೆಲ್ಲಿನ ಅಡಿ ಕೈ ಕೊಡುವವನಲ್ಲ. ಮಷೀನು ಏನು ಮಾಡುತ್ತದೆ, ಒಂದೊಂದಾಗಿ ಕೇಳಿದೆ. ಹಳೇ ಕಾಲದ ಮಷೀನು ಎಲ್ಲ ದನಿಯನ್ನೂ ಒಂದೇ ಸಮ ಎತ್ತುತ್ತಿತ್ತಂತೆ. ಮಾತು ಎದ್ದರೆ ಲಾರಿಯ ಹಾರನ್ನೂ ಅಷ್ಟೇ ಏಳುತ್ತಿತ್ತು. ಈಗಿನ ಡಿಜಿಟಲ್ ಮಷೀನು ಬಂದ ದನಿಯನ್ನು ಮೊದಲು ಅಂಕಿ ಮಾಡಿಕೊಳ್ಳುತ್ತದೆ, ದಪ್ಪದ್ದು ಸಣ್ಣದ್ದು ಅಂತ ಬೇರೆ ಬೇರೆ ಪಾಲು ಹಾಕುತ್ತದೆ. ಯಾವ ಪಾಲಿಗೆ ನನ್ನ ಕಿವಿ ಬಿದ್ದಿದೆಯೋ ಅದನ್ನು ಮಾತ್ರ ಎತ್ತುತ್ತದೆ. ಅದರೊಳಗೂ ಮೆತ್ತಗಿನ ದನಿಗೆ ಹೆಚ್ಚು, ಜೋರಿನ ದನಿಗೆ ಕಡಿಮೆ. ಫ್ಯಾನಿನ ಹಾಗೆ ಒಂದೇ ಸಮ ಗುಂಯ್ ಅನ್ನುವುದನ್ನು ಗದ್ದಲ ಅಂತ ಗುರುತು ಹಿಡಿದು ಒತ್ತಿಡುತ್ತದೆ. ಎರಡು ಮೈಕುಗಳಿವೆ, ಗುಂಡಿ ಒತ್ತಿದರೆ ಮುಂದಿನದನ್ನು ಹಿಡಿದು ಹಿಂದಿನದನ್ನು ತಗ್ಗಿಸುತ್ತದೆ. ಇಷ್ಟೆಲ್ಲ ಒಂದು ಹುಣಸೇಬೀಜದಷ್ಟು ಡಬ್ಬಿಯೊಳಗೆ.

ಇಲ್ಲಿ ನನ್ನದೊಂದು ಸಲಹೆ. ಕಿವಿ ಮಷೀನು ಕೊಳ್ಳುವವರು ಬರೀ ಬೆಲೆ ಇಳಿಸಲು ಕೂರುತ್ತಾರೆ. ತಪ್ಪು. ನೀವು ಎಳೆದಾಡಬೇಕಾದದ್ದು ಎಷ್ಟು ಸಲ ತಿರುಗಿ ಬಂದು ಹೊಂದಿಸಿಕೊಳ್ಳಬಹುದು ಅನ್ನುವುದಕ್ಕೆ. ಹೊಸ ಎತ್ತು ಕೊಂಡ ದಿನವೇ ನೇಗಿಲಿಗೆ ಹೊಂದುತ್ತದೆಯೇ? ನಾನು ಮೊದಲು ಸ್ವಲ್ಪ ದಿನ ಹಾಕಿ ನೋಡುವ ಕರಾರು ಮಾಡಿದೆ. ಆಮೇಲೆ, "ಮೂರು ಸಲ ಸೆಟ್ಟಿಂಗ್ ಮಾಡಿಕೊಡ್ತೀವಿ," ಅಂದವರನ್ನು, "ನನಗ ಸರಿ ಅನಸೂತನಕ," ಅನ್ನುವವರೆಗೆ ತಂದೆ. ಮೇಡಮ್ಮು, "ಯಜಮಾನ್ರೇ, ನಿಮ್ಮ ಹತ್ರ ದನ ಮಾರೋರ ಗತಿ ಏನು?" ಅಂದಳು.

ಮೊದಲ ವಾರ ಹಿಂಸೆ. ಒಗ್ಗರಣೆ ಚಟಪಟ ಅಂದರೆ ಮನೆಗೇ ಬೆಂಕಿ ಬಿದ್ದ ಹಾಗೆ. ಪ್ಲಾಸ್ಟಿಕ್ ಚೀಲದ ಸದ್ದು ಕಿವಿಗೆ ಚುಚ್ಚಿತು. ನನ್ನ ದನಿಯೇ ನನಗೆ ಕೊಡದೊಳಗಿಂದ ಬಂದಂತಿತ್ತು. ತಲೆಯೊಳಗಿನ ಮಿದುಳಿಗೆ ಚಾಳಿ ಬೀಳಲಿ ಅಂತ ಸಣ್ಣ ದನಿಯನ್ನು ಮೊದಲು ಅರ್ಧವೇ ಏರಿಸಿ, ಬಂದಾಗೊಮ್ಮೆ ಇಷ್ಟಿಷ್ಟೇ ಹೆಚ್ಚಿಸಿದರು. ಇನ್ನೊಂದು ಸಲಹೆ: "ಚಲೋ ಇಲ್ಲ" ಅಂತ ಹೋಗಬೇಡಿ. ಎಲ್ಲಿ, ಯಾರ ದನಿ, ಯಾವ ಶಬ್ದ ಅಂತ ಬರೆದುಕೊಂಡು ಹೋಗಿ. ನಾನು ಬರೆದುಕೊಂಡು ಹೋದೆ: "ಹೆಂಡತಿ ಜೋರು ಕೂಗಿ ಕರೆದಾಗ ಮೊದಲಿನ ಅಕ್ಷರ ಬರತೈತಿ, ಕಡೀ ರಿ ಬರೂದಿಲ್ಲ."

ಮೇಡಮ್ಮು ಅದನ್ನೋದಿ ಖುಷಿಯಾದಳು. "ಜೋರು ದನಿ ಬಂದ ತಕ್ಷಣ ಮಷೀನು ತಗ್ಗುತ್ತೆ. ಮತ್ತೆ ಏರೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತೆ. ಅಷ್ಟರಲ್ಲಿ ನಿಮ್ಮ 'ರಿ' ಹೋಗೇಬಿಡುತ್ತೆ." ಕಂಪ್ಯೂಟರಿನಲ್ಲಿ ಬೇಗ ಏರುವಂತೆ ಮಾಡಿದಳು. ಸಾಯಂಕಾಲ ಮನೆಯಲ್ಲಿ ಹೆಂಡತಿ ಒಳಗಿನಿಂದ "ಬರ್ರೀ" ಅಂದಳು. ಬಾಲದ ಸಮೇತ ಪೂರ್ತಿ ಬಂತು.

ಪಂಚಮಿಗೆ ನಾಲ್ಕು ದಿನ ಇರುವಾಗ ಹುಕ್ಕೇರಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ. ಮಾಲಿನ ಐಬನ್ನು ದಲಾಲಿ ತಾನಾಗಿ ಹೇಳುವುದಿಲ್ಲ. ಅವತ್ತು ಹೊಟ್ಟೆನೋವಿತ್ತು ಅಂದರೆ ಮುಗಿಯುತ್ತಿತ್ತು. ಆದರೆ ಮಾಸ್ತರು ಒಂದು ಪ್ರಶ್ನೆ ಕೇಳಿದರೆ ಆ ನೆಪ ನಿಲ್ಲುವಂಥದ್ದಲ್ಲ.

ಬೀಗರು ಪಡಸಾಲೆಯಲ್ಲಿದ್ದರು. ನನ್ನನ್ನು ನೋಡಿ ಬಾಯಿ ಬಿಡಲಿಲ್ಲ, ಕೈಯಲ್ಲೇ ಕುರ್ಚಿ ತೋರಿಸಿದರು. ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು, ಮುಂದೆ ಬರಲಿಲ್ಲ. ನಾನು ಕುಳಿತು, ಕಿವಿಯ ಹಿಂದಿನ ಮಷೀನು ತೆಗೆದು ಅಂಗೈಯಲ್ಲಿಟ್ಟು ತೋರಿಸಿ, ಮತ್ತೆ ಹಾಕಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಬೀಗರು ತಮ್ಮ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. "ಮರ್ಯಾದ್ಯಾಗ ಏನ್ ಕಡಿಮಿ ಆತು, ಯಾರ್ ಏನಂದ್ರು ಅಂತ ನಾವು ಮನೀ ಮಂದೆಲ್ಲಾ ವರ್ಷಪೂರ್ತಿ ತಲಿ ಕೆಡಿಸ್ಕೊಂಡೇವಿ. ಇಕಿ ಅತ್ತೀ, ಕಾಲಿಗೆ ನೀರ ಕೊಡೂದ ಮರತೆನೇನೋ ಅಂತ ಅಳಾಕತ್ತಿದ್ಲು. ಇಕಾರದ ಒಂದ ಗುಣಿಸಿನ ಸಲವಾಗಿ, ಬೀಗರ?"

"ಗುಣಿಸು ಸಣ್ಣದಲ್ರಿ ಬೀಗರ. ನೀವ ಸಾಲ್ಯಾಗ ಕಲಿಸಿರಿ."

ಅವರ ಮುಖದಲ್ಲಿ ಮಾಸ್ತರಿಕೆ ಮೂಡಿತು. ಎದ್ದು ನನ್ನ ಬೆನ್ನ ಹಿಂದೆ ಹೋಗಿ ನಿಂತರು. "ಹಂಗಾರ ನೋಡೇ ಬಿಡೂಣು. ನಾ ಹೇಳಿದ್ದ ತಿರುಗಿ ಹೇಳ್ರಿ." ಹಿಂದಿನಿಂದ ಏನೋ ಬಂತು. ಮೇಲೆ ಫ್ಯಾನು ತಿರುಗುತ್ತಿತ್ತು. ನಾನು "ನೋಡು," ಅಂದೆ. ಬಾಗಿಲಲ್ಲಿ ಮಗಳ ಮುಖ ಇಳಿಯಿತು.

ನಾನು ಅಷ್ಟಕ್ಕೆ ಬಿಡುವವನೇ? "ನಿಮ್ಮ ಪರೀಕ್ಷಾದ ಕರಾರು ಸರಿ ಇಲ್ರಿ. ಬರೂಮುಂದ ಬಸ್ಸಿನ ಗದ್ದಲಕ್ಕ ಗುಂಡಿ ಒತ್ತೇನಿ, ಹಿಂದಿನ ದನಿ ಈ ಮಷೀನ ಬೇಕಂತಲೇ ತಗ್ಗಸತೈತಿ. ಮುಂದ ಬರ್ರಿ. ಬೇಕಾದ್ರ ಬಾಯಿ ಮುಚ್ಕೊರ್ರಿ."

ಮುಂದೆ ಬಂದರು. ಟವೆಲ್ಲು ಬಾಯಿಗೆ ಅಡ್ಡ ಹಿಡಿದರು. ಉಕ್ತಲೇಖನ ಸುರುವಾಯಿತು.

"ನೋಡ್ರಿ," ಅಂದೆ.

ಟವೆಲ್ಲಿನ ಹಿಂದಿನಿಂದ "ಬರು," ಅಂತ ಬಂತು. ನಾನು ಬಿಡಲಿಲ್ಲ: "ಅಂಥ ಮಾತ ಇಲ್ರಿ ಮಾಸ್ತರ. ಮೋಸ ಮಾಡಬ್ಯಾಡ್ರಿ."

ಒಳಗಿನಿಂದ ಬೀಗತಿ ನಕ್ಕದ್ದೂ ಕೇಳಿಸಿತು.

"ಕುಂಡ್ರು," ಅಂದೆ. ಈ ಸಲ ಅವರು ಖರೇನೇ ಕುಂಡ್ರು ಅಂದಿದ್ದರು. ವರ್ಷದ ಸಿಟ್ಟೆಲ್ಲ ಆ ಒಂದು ಉಕಾರದಲ್ಲಿತ್ತು. ನಾನು ಕೂತೇ ಇದ್ದೆ. ಆಮೇಲೆ ಇನ್ನೂ ಮೆತ್ತಗೆ ಒಂದು ಮಾತು ಬಂತು. ನಾನು ತಪ್ಪದೆ ತಿರುಗಿ ಹೇಳಿದೆ: "ಕರಕೊಂಡ ಹೋಗ್ರಿ."

ಮುಂದಿನ ಶಬ್ದಕ್ಕೆ ಕಿವಿ ಕೊಟ್ಟು ಕಾದೆ.

ಬೀಗರು ಟವೆಲ್ಲು ಹೆಗಲಿಗೆ ಹಾಕಿಕೊಂಡರು. "ಪರೀಕ್ಷಾ ಮುಗದೈತ್ರಿ ಬೀಗರ. ಇದು ಪ್ರಶ್ನಿ ಅಲ್ಲ. ಮಗಳನ್ನ ಪಂಚಮಿಗೆ ಕರಕೊಂಡ ಹೋಗ್ರಿ. ಆದ್ರ ಈ ಸಲ ಉಂಡ ಹೋಗಬೇಕ್ರಿ."

ಮಗಳು ಕೂಸನ್ನು ನನ್ನ ತೊಡೆಯ ಮೇಲೆ ಕುಕ್ಕಿ, ಬಟ್ಟೆ ತುಂಬಲು ಒಳಗೆ ಓಡಿದಳು. ಕೂಸು ಕೈ ಚಾಚಿ ಮೊದಲು ಹಿಡಿದದ್ದು ನನ್ನ ಕಿವಿಯ ಮಷೀನನ್ನೇ.