ನಾಲ್ಕು ಗೋಣಿ ಹೊಟ್ಟು

1944ರ ಬೇಸಿಗೆಯಲ್ಲಿ ನಾನು ಮದ್ದೂರಿನ ಹೊರಗೆ, ಮಳವಳ್ಳಿ ರಸ್ತೆಯ ಒಂದು ಧಾನ್ಯ ತಪಾಸಣೆ ಚೌಕಿಯಲ್ಲಿ ಗುಮಾಸ್ತನಾಗಿದ್ದೆ. ವಯಸ್ಸು ಇಪ್ಪತ್ತೆರಡು, ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಯುದ್ಧಕಾಲದ ನಿಯಂತ್ರಣದಿಂದಾಗಿ ಪರ್ಮಿಟ್ ಇಲ್ಲದೆ ರಾಗಿ, ಭತ್ತ, ಅಕ್ಕಿಯನ್ನು ತಾಲ್ಲೂಕಿನಿಂದ ಹೊರಗೆ ಸಾಗಿಸುವಂತಿರಲಿಲ್ಲ. ಬಸ್ಸು, ಗಾಡಿಗಳನ್ನು ನಿಲ್ಲಿಸಿ ಚೀಲ ಎಣಿಸುವುದು, ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಎಣಿಸಿ ಬರೆಯುವ ಚಪಲ ನನಗೆ ಮೊದಲಿನಿಂದಲೂ ಇತ್ತು. ಸರ್ಕಾರದ ರಿಜಿಸ್ಟರ್ ಮುಚ್ಚಿದ ಮೇಲೆ ಕೋಣೆಗೆ ಹೋಗಿ ನನ್ನ ದಿನಚರಿ ತೆರೆಯುತ್ತಿದ್ದೆ. ಅದರ ಒಂದು ಬುಧವಾರದ ಪುಟ ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಆ ವಾರ ಹೊಸ ಹುಕುಂ ಬಂದಿತ್ತು. ಯಾರೋ ಭತ್ತದ ಹೊಟ್ಟಿನ ಚೀಲಗಳ ನಡುವೆ ಅಕ್ಕಿ ಅಡಗಿಸಿ ಸಾಗಿಸಿದ್ದರು. ಇನ್ನು ಮುಂದೆ ಬಾಯಿ ಹೊಲಿದ ಹೊಟ್ಟಿನ ಚೀಲ ಬಂದರೆ ತಡೆದಿಡಬೇಕು. ಹೊಲಿಗೆ ಬಿಚ್ಚುವುದು ಶೇಕ್ದಾರರ, ಅಂದರೆ ಹೋಬಳಿಯ ಕಂದಾಯ ಅಧಿಕಾರಿಯ, ಎದುರಿಗೇ ಆಗಬೇಕು. ಅವರು ದಿನವೂ ಸಂಜೆ ನಾಲ್ಕಕ್ಕೆ ಬರುತ್ತಿದ್ದರು.

ಹನ್ನೊಂದೂವರೆಗೆ ಮಳವಳ್ಳಿಯಿಂದ ಇದ್ದಿಲ ಗ್ಯಾಸಿನ ಬಸ್ಸು ಬಂತು. ಮೇಲೆ ನಾಲ್ಕು ಪುಟ್ಟ ಗೋಣಿಚೀಲಗಳು, ಒಂದೊಂದೂ ತೋಳುದ್ದ, ಗಟ್ಟಿಯಾಗಿ ತುಂಬಿ ಹೊಲಿದಂಥವು. ಒಡತಿ ಕಿರುಗಾವಲು ಕಡೆಯ ಸಾಕಮ್ಮ. ಅವಳ ಸೊಂಟದ ಮೇಲೆ ಆರು ವರ್ಷದ ಮಗಳು ಚಿಕ್ಕತಾಯಿ. ಆ ಮಗುವಿನ ಕತ್ತು ನಿಲ್ಲುತ್ತಿರಲಿಲ್ಲ, ಕೈಕಾಲು ಸೆಟೆದಿದ್ದವು, ಮಾತಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಲು ಸಂಜೆ ಐದೂವರೆಯ ರೈಲಿಗೆ ಹೊರಟಿದ್ದಳು.

"ಏನವ್ವ, ಹೊಟ್ಟನ್ನೂ ಡಾಕ್ಟ್ರಿಗೆ ತೋರ್ಸಕ್ಕೆ ಓಯ್ತಿದ್ದೀಯಾ?" ಎಂದ ನಮ್ಮ ಜವಾನ ಸಿದ್ದ. ಬಸ್ಸಿನವರು ನಕ್ಕರು.

"ಊಂ ಕಣಪ್ಪ. ಅಲ್ಲೂ ನಿನ್ನಂತ ಎತ್ಗೊಳವಂತಲ್ಲ, ಮೇಯ್ಸಕ್ಕೆ," ಎಂದು ಅವಳೂ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು. "ಇದು ಮಗೀನ ಆಸಿಗೆ ಸ್ವಾಮಿ. ಬೆನ್ನಿಗೆ ಎಲ್ಡು, ಒಟ್ಟೆ ಮುಂದಕ್ಕೊಂದು, ಕಾಲ್ತಾವೊಂದು ಕೊಟ್ಟು ಮಗ್ಗುಲಾಗಿ ಮಲಗಿಸ್ತೀನಿ. ಇಲ್ದಿದ್ರೆ ಬೋರಲಾಗೋಯ್ತದೆ. ಬೋರಲಾದ್ರೆ ತಿರೀಕಳಕ್ಕೆ ಅದಕ್ಕೆ ಬರಾಕಿಲ್ಲ."

ಪೊಳ್ಳು ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಎಳೆದೆ. ಹೊಟ್ಟಿನ ಜೊತೆ ಐದಾರು ಭತ್ತದ ಕಾಳು ಬಂದವು. ಯಾವ ಹೊಟ್ಟಿನಲ್ಲಾದರೂ ಅಷ್ಟು ಇರುತ್ತದೆ.

"ಬಿಚ್ಚಿ ನೋಡ್ಬುಡಿ. ದಬ್ಬಳ ತಂದಿವ್ನಿ, ನಾನೇ ವಲ್ಕತೀನಿ."

"ನನಗೆ ಅಧಿಕಾರವಿಲ್ಲಮ್ಮ. ನಾಲ್ಕಕ್ಕೆ ಸಾಹೇಬರು ಬರುತ್ತಾರೆ. ರೈಲು ಐದೂವರೆಗೆ ತಾನೆ?"

ಲೆಕ್ಕ ಸರಿಯಾಗಿತ್ತು. ಒಂದೂವರೆ ಗಂಟೆ ಉಳಿಯುತ್ತಿತ್ತು. ನಾಲ್ಕರೊಳಗೆ ಮಗು ಮಲಗಬೇಕಾದೀತು ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಚೀಲಗಳನ್ನು ಚೌಕಿಯೊಳಗೆ ಇಡಿಸಿ, 'ಹೊಟ್ಟು, ಗೋಣಿ 4, ತಡೆ' ಎಂದು ಬರೆದುಕೊಂಡೆ.

ರಸ್ತೆಯಾಚೆ ಒಂದು ಚಿಕ್ಕ ಛತ್ರ. ಸಾಕಮ್ಮ ಅಲ್ಲಿ ಕಂಬಕ್ಕೊರಗಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎರಡು ದಿನದಿಂದ ಮಗುವಿಗೆ ಮೇಲಿಂದ ಮೇಲೆ ಫಿಟ್ಸ್ ಬಂದಿತ್ತಂತೆ. ಅವಳು ಕಣ್ಣು ಮುಚ್ಚಿರಲಿಲ್ಲ. ಒಂದು ಗಂಟೆಗೆ ನಾನು ಊಟಕ್ಕೆ ಎದ್ದಾಗ ಅವಳ ತಲೆ ತೂಗುತ್ತಿತ್ತು, ಮಗು ತೊಡೆಯಿಂದ ಜಾರುತ್ತಿತ್ತು. ನೋಡಿ ಸಂಕಟವಾಯಿತು. ಕೋಣೆಗೆ ಹೋಗಿ ನನ್ನ ದಿಂಬು ತಂದುಕೊಟ್ಟೆ. ನಾನು ಕೆಲಸಕ್ಕೆ ಹೊರಟಾಗ ನಮ್ಮಮ್ಮ ಬೂರುಗದ ಹತ್ತಿ ತುಂಬಿ ಹೊಲಿದದ್ದು. ನನ್ನ ಬಳಿ ಇದ್ದುದರಲ್ಲಿ ಅದೇ ಒಳ್ಳೆಯ ವಸ್ತು.

ಸಾಕಮ್ಮ ಅಂಗೈಯಿಂದ ಅದನ್ನು ಒತ್ತಿದಳು. ಕೈ ಒಳಗೆ ಹೋಯಿತು. "ಬಲೇ ಮೆತ್ಗೈತೆ ಸ್ವಾಮಿ. ಗಟ್ಟಿದಾಗಿದ್ರೆ ಆಯ್ತಿತ್ತು."

"ಮಗುವಿಗೆ ಮೆತ್ತಗಿದ್ದರೇ ಸುಖ. ಇಟ್ಟುಕೊಳ್ಳಮ್ಮ," ಎಂದೆ.

ಚೌಕಿಯವನು ತಾನಾಗಿ ಕೊಟ್ಟದ್ದನ್ನು ಅವಳು ಬೇಡವೆನ್ನಲಾರದೆ ಹೋದಳು. ಮಗುವನ್ನು ಮಗ್ಗುಲಾಗಿ ಮಲಗಿಸಿ ದಿಂಬನ್ನು ಮುಂದೆ ಇಟ್ಟಳು. ಬೆನ್ನಿಗೆ ಗೋಣಿಯ ಬದಲು ತನ್ನ ತೋಳನ್ನೇ ಕೊಟ್ಟು ಪಕ್ಕದಲ್ಲಿ ಮಲಗಿದಳು. ನಾನು ಸಮಾಧಾನದಿಂದ ಊಟ ಮಾಡಿದೆ.

ಮೂರು ಹತ್ತಕ್ಕೆ ಸಿದ್ದ ಬಂದು ಮೇಜಿನ ಮುಂದೆ ನಿಂತ. "ಸ್ವಾಮಿ, ಆ ಮಗು ಏಳ್ತಾ ಇಲ್ವಂತೆ."

ನಿದ್ದೆಯಲ್ಲಿ ತಾಯಿಯ ತೋಳು ಸಡಿಲವಾಗಿತ್ತು. ಮಗು ಬೋರಲಾಗಿ, ಮುಖ ದಿಂಬಿನೊಳಗೆ ಹೂತುಹೋಗಿತ್ತು. ಸಿದ್ದ ಓಡಿಹೋಗಿ ಮದ್ದೂರಿನಿಂದ ಡಾಕ್ಟರನ್ನು ಕರೆತಂದ. ಅವರು ಮಗುವಿನ ಕೈ ಹಿಡಿದು ನೋಡಿ ಮೆಲ್ಲಗೆ ಕೆಳಗಿಟ್ಟರು. ಸಾಕಮ್ಮ ಮಾತ್ರ, ವಾಲುತ್ತಿದ್ದ ಆ ಕತ್ತನ್ನು ಸರಿಯಾಗಿ ನಿಲ್ಲಿಸುತ್ತಲೇ ಇದ್ದಳು.

ನಾಲ್ಕಕ್ಕೆ ಸರಿಯಾಗಿ ಶೇಕ್ದಾರರು ಬಂದರು. ನಾಲ್ಕೂ ಚೀಲಗಳನ್ನು ಬಿಚ್ಚಿ ಸುರಿಸಿದೆವು. ಎಲ್ಲದರಿಂದ ಆರಿಸಿದ ಕಾಳು ಸೇರಿ ಒಂದು ಹಿಡಿ ಆಗಲಿಲ್ಲ. "ವಾಪಸು ಕೊಟ್ಟು ರುಜು ಹಾಕಿಸಿಕೊಳ್ಳಿ," ಎಂದರು. ರಿಜಿಸ್ಟರನ್ನು ಛತ್ರಕ್ಕೆ ತೆಗೆದುಕೊಂಡು ಹೋದೆ. ಸಾಕಮ್ಮ ಹೆಬ್ಬೆಟ್ಟು ಒತ್ತಿದಳು. ಆಮೇಲೆ ದಿಂಬನ್ನು ಕೊಡವಿ ನನ್ನ ಕೈಗೆ ಕೊಟ್ಟಳು.

"ನಿಮ್ದೇನಿಲ್ಲ ಸ್ವಾಮಿ. ನಾ ಮಲೀಕಬಾರ್ದಾಗಿತ್ತು."

ದಿಂಬನ್ನು ಕಂಕುಳಲ್ಲಿಟ್ಟುಕೊಂಡು ರಿಜಿಸ್ಟರ್ ಮುಚ್ಚಿದೆ.

ಹೊಟ್ಟನ್ನು ಮತ್ತೆ ತುಂಬಿ, ಅವಳ ದಬ್ಬಳದಿಂದಲೇ ಸಿದ್ದ ನಾಲ್ಕೂ ಗೋಣಿ ಹೊಲಿದ. ಸತ್ತ ಮಗುವನ್ನು ಒಯ್ಯಲು ಬಸ್ಸಿನವರು ಒಲ್ಲೆವೆಂದದ್ದರಿಂದ ಊರಿಗೆ ಗಾಡಿ ಗೊತ್ತು ಮಾಡಿದೆವು. ಗಾಡಿಯಲ್ಲಿ ಸಾಕಮ್ಮ ಬೆನ್ನಿಗೆ ಎರಡು, ಹೊಟ್ಟೆಯ ಮುಂದೆ ಒಂದು, ಕಾಲ ಬಳಿ ಒಂದು ಇಟ್ಟು, ಮಗುವನ್ನು ಮಗ್ಗುಲಾಗಿ ಮಲಗಿಸಿದಳು. ಮಗು ಬೋರಲಾಗಲಿಲ್ಲ.

ಇಂಥ ಮಕ್ಕಳೊಂದಿಗೆ ಪ್ರಯಾಣ ಮಾಡುವವರು ಮನೆಯ ಹಾಸಿಗೆಯ ಏರ್ಪಾಡನ್ನು ಹೊತ್ತುಕೊಂಡೇ ಬರುತ್ತಾರೆ. ಅದು ನೋಡುವವರಿಗೆ ಕಸದಂತೆ ಕಾಣಬಹುದು. ಅದರ ಬದಲು ನಾವು ಕೊಡುವ ಮೆತ್ತನೆಯದು ಒಳ್ಳೆಯದೆಂದು ತಿಳಿಯಬಾರದು. ಆ ಮಗುವನ್ನು ಮಲಗಿಸಿ ಬಲ್ಲವರ ಮಾತು ಕೇಳಬೇಕು. ನನಗೆ ಇದು ಅಂದು ತಿಳಿದಿರಲಿಲ್ಲ ಎನ್ನುವಂತಿಲ್ಲ. ಅವಳು ಹೇಳಿದ್ದಳು.

ಮಾರನೆಯ ದಿನ ರಿಜಿಸ್ಟರಿನಲ್ಲಿ, ಯಾವ ಹುಕುಮೂ ಇಲ್ಲದೆ, ಹೊಸದೊಂದು ಕಾಲಂ ಗೀಟು ಹಾಕಿದೆ: 'ಯಾತಕ್ಕೆ'. ಅಲ್ಲಿಂದ ನನಗೆ ಮಂಡ್ಯಕ್ಕೆ ವರ್ಗವಾಗುವವರೆಗೆ ಹೊಟ್ಟಿನ ಚೀಲ ಮೂವತ್ತೊಂದು ಬಂದವು. ಮೊದಲು ಯಾತಕ್ಕೆಂದು ಕೇಳಿ, ಹೊಲಿಗೆಯನ್ನು ನಾನೇ ಬಿಚ್ಚಿದೆ. ಎರಡರಲ್ಲಿ ಅಕ್ಕಿ ಸಿಕ್ಕಿತು. ಅಧಿಕಾರ ಮೀರಿದ್ದಕ್ಕೆ ನನಗೆ ಒಂದು ಮೆಮೋ ಸಿಕ್ಕಿತು.

ಬುಧವಾರದ ಸಾಲಿನ ಮುಂದೆ ಆ ಕಾಲಂ ಬಹಳ ದಿನ ಖಾಲಿ ಇತ್ತು. ವರ್ಗವಾಗಿ ಹೊರಡುವ ದಿನ ತುಂಬಿದೆ: ಮಗು ಮಲಗಲು.