ಅವ್ವನ ಡಾಕ್ಟರರ ಪಗಾರ

ಡಾಕ್ಟರರದು ಬಲಗೈ ಹೆಬ್ಬೆರಳೋ ಎಡಗೈಯದೋ, ಈಗ ಖಚಿತವಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಉಗುರು ಅಗಲವಾಗಿ, ಚಪ್ಪಟೆಯಾಗಿತ್ತು. ಕುರ್ಚಿ ಬಿಟ್ಟು ಅವ್ವನ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಆ ಹೆಬ್ಬೆರಳಿನಿಂದ ಅವಳ ಕಾಲು ಒತ್ತಿ, ಬಿದ್ದ ತಗ್ಗು ತುಂಬುವವರೆಗೂ ನೋಡುತ್ತಿದ್ದರು. ಅವ್ವನ ಹೃದಯ ಸೋತಿತ್ತು. ಮೈಯಲ್ಲಿ ನೀರು ನಿಲ್ಲುತ್ತಿತ್ತು.

“ಏನ್ರಿ ಅಕ್ಕಾರ, ಉಪ್ಪಿನಕಾಯಿ ಭರಣಿ ಇನ್ನೂ ಒಡದಿಲ್ಲೇನು?” ಎನ್ನುವರು, ಅವಳಿಗೆ ಉಪ್ಪು ಬಿಡಿಸಿದ್ದ ಡಾಕ್ಟರರು.

“ಒಡಿಯಾಕ ಅದೇನು ನಿಮ್ಮ ಮನೀದೇನ್ರಿ?” ಎನ್ನುವಳು ಅವ್ವ.

ಡಾಕ್ಟರರ ಊರು ಹುಕ್ಕೇರಿ. ಗೋಕಾಕದ ಒಂದು ಆಸ್ಪತ್ರೆಯಲ್ಲಿ ಪಗಾರಕ್ಕಿದ್ದರು. ಔಷಧ ಬರೆದ ಮೇಲೆ, “ಈಗ ನೀವು ಡಾಕ್ಟರು, ನಾ ಪೇಶಂಟು. ಹೇಳ್ರಿ,” ಎಂದು, ಯಾವ ಮಾತ್ರೆ ಯಾವಾಗ ಎಂಬುದನ್ನು ಪೇಶಂಟಿನ ಬಾಯಿಂದಲೇ ಹೇಳಿಸುತ್ತಿದ್ದರು. ಹೊರಗೆ ಸರದಿ ಬೆಳೆಯುತ್ತಿತ್ತು. ಕಳಿಸುವಾಗಿನ ಮಾತು ಎಲ್ಲರಿಗೂ ಒಂದೇ: “ಕಾಲು ಬಾತ್ರ ಬಂದಬಿಡ್ರಿ. ದಮ್ಮು ಹತ್ತೂತನಕಾ ಕಾಯಬ್ಯಾಡ್ರಿ.”

ಅಪ್ಪನ ತಮ್ಮ, ನನ್ನ ಕಾಕಾ, ಆ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿದ್ದಾರೆ. ಮೊದಲು ಅಲ್ಲಿ ಪೇಶಂಟುಗಳಿಗೆ ಹೆಚ್ಚು ತಪಾಸಣೆ ಬರೆದುಕೊಟ್ಟ ಡಾಕ್ಟರಿಗೆ ಹೆಚ್ಚು ಹಣ ಸಿಗುತ್ತಿತ್ತು. ವಾದಿಸಿ ಅದನ್ನು ತೆಗೆಸಿದವರು ಕಾಕಾನೇ. ಬದಲಿಗೆ ತಂದ ನಿಯಮ: ಮನೆಗೆ ಕಳಿಸಿದ ಪೇಶಂಟು ತಿಂಗಳೊಳಗೆ ಮತ್ತೆ ದಾಖಲಾದರೆ ಆ ಡಾಕ್ಟರ ಪಗಾರದಲ್ಲಿ ಕಡಿತ.

“ಚಲೋ ನೋಡಿದ್ರ ಮಂದಿ ಯಾಕ ತಿರುಗಿ ಬರ್ತಾರ?” ಎಂದರು ಕಾಕಾ, ಒಮ್ಮೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ. ಅವ್ವ ರೊಟ್ಟಿ ಬಡಿಸುತ್ತಿದ್ದಳು. ನನಗೂ ಸರಿ ಅನ್ನಿಸಿತ್ತು. ಈಗಲೂ ಪೂರ್ತಿ ತಪ್ಪು ಅನ್ನಿಸುವುದಿಲ್ಲ.

ಉಳಿದ ಡಾಕ್ಟರರು ಪದೇ ಪದೇ ದಾಖಲಾಗುವ ಅವ್ವನಂಥವರನ್ನು ಬೆಳಗಾವಿಗೆ ಸಾಗಹಾಕತೊಡಗಿದರು. ಅವ್ವನ ಡಾಕ್ಟರರು ಮಾತ್ರ ಸೇರಿಸಿಕೊಳ್ಳುತ್ತಲೇ ಇದ್ದರು.

ಕಳೆದ ವರ್ಷ ಅವ್ವ ಆಸ್ಪತ್ರೆಯಿಂದ ಮೂಡಲಗಿಯ ಮನೆಗೆ ಬಂದ ಸ್ವಲ್ಪ ದಿನಕ್ಕೇ ಕಾಲು ಮತ್ತೆ ಬಾತಿರಬೇಕು. ಸೀರೆಯನ್ನು ನೆಲಕ್ಕೆ ತಾಗುವಂತೆ ಉಡತೊಡಗಿದಳು. ಕುಂಟುವುದನ್ನು ಕಂಡು ಕೇಳಿದರೆ, “ಚಪ್ಪಲಿ ಹೊಸಾವು,” ಎಂದಳು. ಉಸಿರು ಸಿಕ್ಕಿಕೊಂಡ ಬೆಳಿಗ್ಗೆ ಗಾಡಿ ತರಿಸಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಇನ್ನ ನಾಕ ದಿನ ತಡಿ ಮಗಳ. ತಿಂಗಳಾ ತುಂಬ್ಲಿ. ಪಾಪ, ಡಾಕ್ಟರ ಪಗಾರ ಕಡೀತಾರ.”

ಹೇಗೋ ಗಾಡಿ ಹತ್ತಿಸಿದೆ. ಗೋಕಾಕದ ದಾರಿಯಲ್ಲೇ ತೀರಿಹೋದಳು.

ಮಣ್ಣಾದ ಮರುದಿನ ಡಾಕ್ಟರರು ಬಂದರು. ಜಮಖಾನದ ಮೇಲೆ ಕೂತು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದರು. ಬಾಗಿಲಲ್ಲಿ ಅವ್ವ ಅಂದದ್ದನ್ನು ಹೇಳಿದೆ. “ನನ್ನ ಪಗಾರದ ಚಿಂತಿ ಅಕ್ಕಾರಿಗ್ಯಾಕ ಬಂತು?” ಎಂದರು. ನಾನು ಚಹಾ ತಂದುಕೊಟ್ಟೆ. ಅಳು ಬರಲಿಲ್ಲ, ಈವರೆಗೂ ಬಂದಿಲ್ಲ.

ಆಮೇಲೆ ಅವರು ಕೆಲಸ ಬಿಟ್ಟು ಹುಕ್ಕೇರಿಗೆ ಹೋದರು. ನಾನು ನೋಡಲು ಹೋಗಿಲ್ಲ. ಒಮ್ಮೊಮ್ಮೆ ನನ್ನ ಕಾಲನ್ನೇ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ತಗ್ಗು ಬೀಳುವುದಿಲ್ಲ.

ಕಾಕಾನನ್ನು ಒಂದೇ ಮಾತು ಕೇಳಿದ್ದೇನೆ.

“ಕಾಕಾ, ಆ ತಿಂಗಳ ಪಗಾರದ ಲೆಕ್ಕದಾಗ ಅವ್ವನ್ನ ತಿರುಗಿ ಬಂದಾಕಿ ಅಂತ ಹಿಡದ್ರೋ, ಬರಲಾರದಾಕಿ ಅಂತ ಹಿಡದ್ರೋ?”